ತುದಿಯಿಲ್ಲದ ಮಫ್ಲರು

ಬಳ್ಳಾರಿಯಲ್ಲಿ ಇರುವುದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂಬ ಮಾತನ್ನು ಹೊರಗಿನವರಿಗಿಂತ ಹೆಚ್ಚಾಗಿ ಈ ಊರಿನವರೇ ಹೇಳಿಕೊಂಡು ನಗುತ್ತಾರೆ. ಹೀಗಾಗಿ ನಾನು ಕೊರಳಿಗೆ ಉಣ್ಣೆಯ ದಪ್ಪ ಬಳೆಯಂಥದೊಂದನ್ನು ಹಾಕಿಕೊಂಡು ಶಾಲೆಗೆ ಹೋದ ಮೊದಲ ದಿನ, ನಮ್ಮ ವಿಜ್ಞಾನದ ಮೇಷ್ಟ್ರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನ್ರೀ ಮೇಡಂ, ಕತ್ತು ಉಳುಕೈತೇನು? ಡಾಕ್ಟ್ರು ಬೆಲ್ಟ್ ಹಾಕ್ಯಾರಲ್ಲ" ಎಂದು ಕೇಳಿದ್ದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇರಲಿಲ್ಲ. ಅವರ ಮನೆ ಶಾಲೆಯ ಹಿಂದಿನ ಓಣಿಯಲ್ಲೇ ಇದೆ. ಪುಷ್ಯ ಮಾಸದ ಬೆಳಗಿನ ಆರೂವರೆಗೆ ಸಿರುಗುಪ್ಪ ರಸ್ತೆಯಲ್ಲಿ ಸ್ಕೂಟರ್ ಓಡಿಸುವ ಪ್ರಸಂಗ ಅವರಿಗೆ ಎಂದೂ ಬಂದಿಲ್ಲ.

ನಾನು ಬಳ್ಳಾರಿಯಲ್ಲಿ ಇದ್ದುಕೊಂಡು, ಆ ರಸ್ತೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಡಿಸೆಂಬರ್ ಬಂದರೆ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಬೆಳಗಿನ ವಿಶೇಷ ತರಗತಿಗಳು ಶುರುವಾಗುತ್ತವೆ; ಮೊದಲ ತರಗತಿ ಗಣಿತದ್ದೇ ಆಗಿರುವುದು ನನ್ನ ಹಣೆಬರಹ. ಪೇಟೆ ದಾಟುವ ತನಕ ಚಳಿ ಎನ್ನುವುದು ಬರೀ ಹಿತವಾದ ತಂಪು. ಮನೆಗಳು ಮುಗಿದು, ತುಂಗಭದ್ರೆಯ ಕಾಲುವೆಯ ನೀರು ಕುಡಿದ ಗದ್ದೆಗಳು ಎರಡೂ ಬದಿಗೆ ಬಿಚ್ಚಿಕೊಂಡ ಕೂಡಲೇ ಗಾಳಿಯ ಗುಣ ಬದಲಾಗುತ್ತದೆ. ಹವಾಮಾನದ ಲೆಕ್ಕದಲ್ಲಿ ಅದು 15 ಡಿಗ್ರಿಯ ಆಸುಪಾಸು ಇರಬಹುದು. ಉತ್ತರದ ಊರುಗಳವರು ಅದನ್ನು ಚಳಿ ಎಂದು ಕರೆಯಲಾರರು. ಆದರೆ ಮೇ ತಿಂಗಳಿನಲ್ಲಿ 40 ಡಿಗ್ರಿ ದಾಟುವ ಬಿಸಿಲಿಗೆ ಹದಗೊಂಡ ಮೈಗೆ, ಗಂಟೆಗೆ ನಲವತ್ತು ಕಿಲೋಮೀಟರ್ ವೇಗದಲ್ಲಿ ಎದುರಾಗುವ 15 ಡಿಗ್ರಿಯ ತೇವದ ಗಾಳಿ ಸಾಕುಸಾಕೆನಿಸುತ್ತದೆ. ಹೆಲ್ಮೆಟ್ಟಿನ ಅಂಚಿಗೂ ಸ್ವೆಟರಿನ ಕೊರಳಿಗೂ ನಡುವೆ ನಾಲ್ಕು ಬೆರಳಗಲದ ಜಾಗ ಉಳಿಯುತ್ತದೆಯಲ್ಲ, ಆ ಸಂದಿಯಿಂದ ಇಳಿದ ಗಾಳಿ ಕಾಲುವೆಯ ಸೇತುವೆ ದಾಟುವಷ್ಟರಲ್ಲಿ ಎದೆಗೂಡನ್ನೆಲ್ಲ ಸುತ್ತಿ ಬಂದಿರುತ್ತದೆ. ಕತ್ತಿನಲ್ಲಿ ದೊಡ್ಡ ರಕ್ತನಾಳಗಳು ಚರ್ಮಕ್ಕೆ ಹತ್ತಿರದಲ್ಲೇ ಹರಿಯುತ್ತವೆ. ಮೇಲೆ ಕೊಬ್ಬಿನ ಹೊದಿಕೆಯೂ ಕಡಿಮೆ. ಅಲ್ಲಿ ತಣ್ಣಗಾದರೆ ಮೈಯೆಲ್ಲ ತಣ್ಣಗಾದಂತೆ ತೋರುತ್ತದೆ.

ಹಾಗೆಂದು ದಪ್ಪ ಸ್ವೆಟರೋ ಜಾಕೆಟ್ಟೋ ಹೇರಿಕೊಂಡು ಹೋದರೆ ಬೇರೊಂದು ಪೇಚು ಕಾದಿರುತ್ತದೆ. ನಮ್ಮ ಕಡೆ ಚಳಿಗೆ ಆಯುಷ್ಯ ಹತ್ತು ಗಂಟೆಯವರೆಗೆ ಮಾತ್ರ. ಆಮೇಲೆ ಬಿಸಿಲು ಏರಿ, ಆ ಉಣ್ಣೆಯ ಹೊರೆಯನ್ನು ಕುರ್ಚಿಯ ಬೆನ್ನಿಗೆ ತೂಗುಹಾಕಿ, ಸಂಜೆ ಮರೆತು ಬಂದು, ಮರುದಿನ ಬೆಳಿಗ್ಗೆ ನಡುಗುವುದು ನಾನು ಎಷ್ಟೋ ವರ್ಷ ನಡೆಸಿದ ಪದ್ಧತಿ. ಈ ಊರಿಗೆ ಬೇಕಾದದ್ದು ನಾಲ್ಕು ಬೆರಳಗಲದ ಸಂದಿಯನ್ನು ಮುಚ್ಚುವ, ಕೆಲಸವಾದ ಮೇಲೆ ಕೈಚೀಲದಲ್ಲಿ ಊಟದ ಡಬ್ಬಿಯ ಪಕ್ಕ ಹಿಡಿಸುವ ಒಂದು ವಸ್ತು.

ಮಫ್ಲರು ಇದೆಯಲ್ಲ ಎಂದು ಕೇಳುವವರಿಗೆ ಒಂದು ಪ್ರಸಂಗ ಹೇಳುತ್ತೇನೆ. ನಾಲ್ಕು ವರ್ಷದ ಹಿಂದಿನ ಜನವರಿ. ಚಳಿಗಾಲಕ್ಕೆಂದು ಊರಿಗೆ ಬಂದು ಸ್ವೆಟರಿನ ಅಂಗಡಿ ಹಾಕುವ ಟಿಬೆಟನ್ನರ ಹತ್ತಿರ ಕೊಂಡ ಕಂದುಬಣ್ಣದ ಉದ್ದನೆಯ ಮಫ್ಲರನ್ನು ಎರಡು ಸುತ್ತು ಸುತ್ತಿ, ತುದಿಯನ್ನು ಹೆಗಲ ಹಿಂದಕ್ಕೆ ಎಸೆದುಕೊಂಡು ಹೊರಟಿದ್ದೆ. ಗಂಟು ಹಾಕಿದರೆ ಅದು ಹೆಲ್ಮೆಟ್ಟಿನ ಪಟ್ಟಿಯ ಕೆಳಗೆ ಸಿಕ್ಕಿ ಗದ್ದಕ್ಕೆ ಒತ್ತುತ್ತದೆ ಎಂಬ ಕಾರಣಕ್ಕೆ ಹಾಕಿರಲಿಲ್ಲ. ಸೇತುವೆಯ ಉಬ್ಬಿನ ಹತ್ತಿರ ಸ್ಕೂಟರು ಒಮ್ಮೆ ಎಗರಿತು. ತುದಿ ಬಿಚ್ಚಿಕೊಂಡು ಹಿಂದಿನ ಗಾಲಿಯ ಕಡೆಗೆ ಹಾರಿದ್ದು ನನಗೆ ತಿಳಿದದ್ದು ಕೊರಳು ಹಿಂದಕ್ಕೆ ಜಗ್ಗಿದಾಗಲೇ. ಏರು ಹತ್ತುತ್ತಿದ್ದುದರಿಂದ ವೇಗ ಕಡಿಮೆ ಇತ್ತು, ಮಫ್ಲರು ಹಳತಾಗಿ ಜೀರ್ಣವಾಗಿತ್ತು. ಈ ಎರಡು ಕಾರಣಗಳಿಂದ ಹರಿದದ್ದು ಮಫ್ಲರು ಮಾತ್ರ. ಕತ್ತಿನ ಸುತ್ತ ಬಾಸುಂಡೆ ಒಂದು ವಾರ ಇತ್ತು. ದುಪಟ್ಟಾ, ಸೀರೆಯ ಸೆರಗು ಗಾಲಿಗೆ ಸಿಕ್ಕಿ ಹೆಣ್ಣುಮಕ್ಕಳು ಬಿದ್ದ ಸುದ್ದಿಯನ್ನು ಪತ್ರಿಕೆಯಲ್ಲಿ ಓದದವರು ಯಾರಿದ್ದಾರೆ? ಅಮೆರಿಕದ ಪ್ರಸಿದ್ಧ ನೃತ್ಯಗಾರ್ತಿ ಇಸಡೋರಾ ಡಂಕನ್ ಸತ್ತದ್ದೂ ಹಾಗೆಯೇ. 1927ರ ಸೆಪ್ಟೆಂಬರ್ 14ರಂದು, ಫ್ರಾನ್ಸಿನ ನೀಸ್ ನಗರದಲ್ಲಿ, ಆಕೆಯ ಕೊರಳಿನ ಉದ್ದನೆಯ ರೇಷ್ಮೆಯ ವಸ್ತ್ರ ತೆರೆದ ಕಾರಿನ ಹಿಂದಿನ ಗಾಲಿಗೆ ಸುತ್ತಿಕೊಂಡಿತು.

ಆ ವಾರವೇ ನಾನು ತುದಿಯಿಲ್ಲದ ಮಫ್ಲರನ್ನು ಹುಡುಕತೊಡಗಿದೆ. ಹೆಣಿಗೆ ಬಲ್ಲವರು ಅದನ್ನು ಕೌಲ್ ಎನ್ನುತ್ತಾರೆ. ಎರಡೂ ಬದಿ ತೆರೆದ ಕೊಳವೆಯಂಥ ಒಂದು ಹೆಣಿಗೆಯ ತುಂಡು, ಅಷ್ಟೇ. ತಲೆಯ ಮೇಲಿಂದ ಇಳಿಸಿಕೊಂಡರೆ ಕೊರಳಿನ ಸುತ್ತ ಮಡಿಕೆಮಡಿಕೆಯಾಗಿ ಕೂರುತ್ತದೆ. ಸುತ್ತಬೇಕಾಗಿಲ್ಲ, ಸಿಕ್ಕಿಸಬೇಕಾಗಿಲ್ಲ, ಜಾರಿತೇ ಎಂದು ಮತ್ತೆಮತ್ತೆ ಮುಟ್ಟಿ ನೋಡಬೇಕಾಗಿಲ್ಲ. ಆ ಇಂಗ್ಲಿಷ್ ಪದ ಮೊದಲು ಸೂಚಿಸುತ್ತಿದ್ದದ್ದು ಕ್ರೈಸ್ತ ಸನ್ಯಾಸಿಗಳು ತಲೆ, ಹೆಗಲು ಮುಚ್ಚುವಂತೆ ಧರಿಸುತ್ತಿದ್ದ ಮುಸುಕುಳ್ಳ ನಿಲುವಂಗಿಯನ್ನು. ಅದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಎರೆಹೊಲಗಳ ಕಂಬಳಿ ಕೊಪ್ಪೆ. ಕರಿ ಕಂಬಳಿಯ ಒಂದು ಮೂಲೆಯನ್ನು ಮಡಿಸಿ ತಲೆಗೆ ಏರಿಸಿಕೊಂಡು, ಉಳಿದದ್ದನ್ನು ಬೆನ್ನ ಮೇಲೆ ಇಳಿಬಿಟ್ಟು ಜೋಳದ ಹೊಲ ಕಾಯುತ್ತಿದ್ದ ನಮ್ಮ ಅಜ್ಜನೂ, ಯೂರೋಪಿನ ಮಠದ ಸನ್ಯಾಸಿಯೂ ಚಳಿಗೆ ಕಂಡುಕೊಂಡ ಉಪಾಯ ಒಂದೇ. ಕೂಸುಗಳಿಗೆ ಹಾಕುವ ಕುಂಚಿಗೆ ಕೂಡ ಆ ಕುಲಕ್ಕೆ ಸೇರಿದ್ದು. ಕಾಲಾಂತರದಲ್ಲಿ ಆ ಪದದಿಂದ ತಲೆಯ ಭಾಗ ಕಳಚಿ ಕೊರಳಿನ ಮಡಿಕೆ ಮಾತ್ರ ಉಳಿಯಿತು.

ಕನ್ನಡದಲ್ಲಿ ಅದಕ್ಕೆ ಹೆಸರು ಕೊಟ್ಟವಳು ನನ್ನ ದೊಡ್ಡವ್ವ. ಕೊಪ್ಪಳದಲ್ಲಿರುವ ಆಕೆ ಒಂದು ಕಾಲದಲ್ಲಿ ಕ್ರೋಶಾ ಹಾಕುವುದರಲ್ಲಿ ಓಣಿಗೇ ಹೆಸರಾದವಳು. ಬಾಗಿಲಿನ ತೋರಣ, ಟೀವಿಯ ಮುಸುಕು, ತಂಬಿಗೆಯ ಮೇಲಿನ ಮುಚ್ಚಳದ ಬಟ್ಟೆ, ಕಡೆಗೆ ರೇಡಿಯೋದ ಅಂಗಿ. ಮುಚ್ಚಬಹುದಾದ ಯಾವುದನ್ನೂ ಆಕೆ ಬರಿದೆ ಬಿಟ್ಟಿರಲಿಲ್ಲ. ನಾನು ಫೋನಿನಲ್ಲಿ ಕೌಲಿನ ಚಿತ್ರ ತೋರಿಸಿದಾಗ ಕನ್ನಡಕ ಏರಿಸಿ ನೋಡಿ, "ಇದೇನವ್ವ, ಕುತಿಗಿಗೆ ಕುಲಾಯಿ!" ಎಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಅದು ಕುತಿಗಿ ಕುಲಾಯಿಯೇ. ಆದರೂ ಬರವಣಿಗೆಯ ಅನುಕೂಲಕ್ಕೆ ಇಲ್ಲಿ ಕೌಲ್ ಎಂದೇ ಬರೆಯುತ್ತೇನೆ.

ದೊಡ್ಡವ್ವನಿಂದ ಮೊದಲು ಕಲಿತದ್ದು ಕ್ರೋಶಾ. ಕೊಕ್ಕೆಯಂಥ ಮೂತಿಯ ಒಂದೇ ಕಡ್ಡಿ, ಅದರ ಮೇಲೆ ಯಾವಾಗಲೂ ಒಂದೇ ಜೀವಂತ ಕುಣಿಕೆ. ಉಳಿದ ಕುಣಿಕೆಗಳೆಲ್ಲ ಆಗಲೇ ಮುಚ್ಚಿಕೊಂಡಿರುತ್ತವೆ. ಹೀಗಿರುವುದರಿಂದ ಬಸ್ಸಿನಲ್ಲಿ ಕುಳಿತು ಹಾಕುವಾಗ ನಿಲ್ದಾಣ ಬಂದರೆ ಕಡ್ಡಿಯನ್ನು ಸೆಳೆದು ಚೀಲಕ್ಕೆ ತುರುಕಿ ಇಳಿಯಬಹುದು. ಬಿಚ್ಚಿದರೂ ಹೆಚ್ಚೆಂದರೆ ಎರಡು ಕುಣಿಕೆ ಬಿಚ್ಚೀತು. ಕುಣಿಕೆಯೊಳಗಿಂದ ಕುಣಿಕೆ ಎಳೆದು ಸರಪಳಿ ಹಾಕಿ, ತುದಿಗೆ ತುದಿ ಜೋಡಿಸಿ ಉಂಗುರ ಮಾಡಿ, ಅದರ ಮೇಲೆ ಕಂಬಗಳನ್ನು, ಅಂದರೆ ನೆಟ್ಟಗೆ ನಿಲ್ಲುವ ಉದ್ದನೆಯ ಹೆಣಿಗೆಗಳನ್ನು, ಏರಿಸುತ್ತ ಸುತ್ತು ಸುತ್ತು ಬಂದರೆ ಕೌಲ್ ಎದ್ದು ನಿಲ್ಲುತ್ತದೆ. ನನ್ನ ಮೊದಲ ಕೌಲ್ ಮಾತ್ರ ಕೊರಳಿಗೆ ಇಳಿಯಲೇ ಇಲ್ಲ. ಹೊಸಬರು ಭಯದಿಂದ ಸರಪಳಿಯನ್ನು ಬಿಗಿಯಾಗಿ ಎಳೆಯುತ್ತಾರೆ. ಕಂಬಗಳು ಸಡಿಲವಾಗಿ ಅರಳುತ್ತವೆ. ಕೆಳಗಿನ ಅಂಚು ಮಾತ್ರ ಹಗ್ಗದಂತೆ ಬಿಗಿದುಕೊಂಡು ಹಣೆಯ ಹತ್ತಿರವೇ ನಿಂತುಬಿಡುತ್ತದೆ. ಹೆಂಗಸರ ತಲೆಯ ಸುತ್ತಳತೆ ಸಾಮಾನ್ಯವಾಗಿ 54ರಿಂದ 57 ಸೆಂಟಿಮೀಟರ್ ಇರುತ್ತದೆ, ಜಡೆಯ ದಪ್ಪ ಬೇರೆ. ದೊಡ್ಡವ್ವ ಅದನ್ನು ನೋಡಿ ಏನೂ ಅನ್ನದೆ, ಸರಪಳಿಗೆ ಮಾತ್ರ ಒಂದು ದಪ್ಪ ಕಡ್ಡಿ, ಮೇಲಿನ ಕಂಬಗಳಿಗೆ ಅದಕ್ಕಿಂತ ಸಣ್ಣ ಕಡ್ಡಿ ಕೊಟ್ಟಳು. ಸಮಸ್ಯೆ ಅಲ್ಲಿಗೇ ಮುಗಿಯಿತು. ಆ ಕೆಟ್ಟ ಕೌಲ್ ಈಗ ನಮ್ಮ ಮನೆಯ ಕುಂಡವೊಂದರ ಸೊಂಟಪಟ್ಟಿಯಾಗಿದೆ.

ಕ್ರೋಶಾದ ಬಟ್ಟೆಗೆ ಮೈ ಇದೆ. ಅದು ನಿಲ್ಲುತ್ತದೆ, ಆಕಾರ ಹಿಡಿಯುತ್ತದೆ, ತೋರಣಕ್ಕೆ ಅದೇ ಬೇಕು. ಕೊರಳಿಗೆ ಅಷ್ಟು ಸೆಟೆದುಕೊಂಡದ್ದು ಬೇಡ. ಎಲ್ಲರೂ ಒಂದೇ ಕಡ್ಡಿಯಲ್ಲಿ ಒತ್ತಾಗಿ ಹಾಕಿ, ಗಟ್ಟಿಯಾಯಿತು ಎಂದು ಗೊಣಗುತ್ತಾರೆ. ನೂಲಿಗೆ ತಕ್ಕದ್ದಕ್ಕಿಂತ ಒಂದೆರಡು ಅಳತೆ ದಪ್ಪನೆಯ ಕಡ್ಡಿ ಹಿಡಿದರೆ ಅದೇ ವಿನ್ಯಾಸ ಒದ್ದೆ ಬಟ್ಟೆಯಂತೆ ಇಳಿಬೀಳುತ್ತದೆ. ಕ್ರೋಶಾ ನೂಲನ್ನು ಹೆಚ್ಚು ತಿನ್ನುತ್ತದೆ ಎಂಬ ದೂರೂ ಇದೆ, ಅದು ನಿಜವೇ. ಆದರೆ ಅದಕ್ಕೆ ಒಂದು ಹೆಗ್ಗಳಿಕೆಯೂ ಇದೆ. ಎರಡು ಕಡ್ಡಿಯ ಹೆಣಿಗೆಯ ಯಂತ್ರವನ್ನು ಇಂಗ್ಲೆಂಡಿನ ವಿಲಿಯಂ ಲೀ 1589ರಲ್ಲೇ ಮಾಡಿಟ್ಟ. ಲುಧಿಯಾನದಿಂದ ಬರುವ ರಾಶಿ ರಾಶಿ ಸ್ವೆಟರುಗಳೆಲ್ಲ ಆ ಯಂತ್ರದ ವಂಶದವೇ. ಕ್ರೋಶಾ ಇಂದಿಗೂ ಮನುಷ್ಯನ ಕೈಯನ್ನೇ ಕೇಳುತ್ತದೆ.

ಎರಡು ಕಡ್ಡಿಯ ಹೆಣಿಗೆಯನ್ನು ನಾನು ಕಲಿತದ್ದು ಆಮೇಲೆ, ಸಾಮಾನ್ಯರಂತೆ ಯೂಟ್ಯೂಬ್ ನೋಡಿಕೊಂಡು. ಕೌಲಿನ ನಿಜವಾದ ಸುಖ ಇರುವುದು ಅಲ್ಲಿ ಎಂದು ನನ್ನ ಅಭಿಪ್ರಾಯ. ದೊಡ್ಡವ್ವನ ಎದುರು ಇದನ್ನು ಹೇಳುವುದಿಲ್ಲ. ಎರಡು ಗಿಡ್ಡ ಕಡ್ಡಿಗಳ ನಡುವೆ ತಂತಿಯಿರುವ ದುಂಡು ಕಡ್ಡಿಯಲ್ಲಿ ಹೆಣೆದರೆ ಹೊಲಿಗೆಯ ಜೋಡಣೆಯೇ ಇಲ್ಲದ ಕೊಳವೆ ಹುಟ್ಟುತ್ತದೆ. ಬಟ್ಟೆಯನ್ನು ತಿರುಗಿಸುವ ಪ್ರಶ್ನೆಯೇ ಇಲ್ಲ, ಒಂದೇ ದಿಕ್ಕಿಗೆ ಪ್ರದಕ್ಷಿಣೆ ಹಾಕುತ್ತಿರಬೇಕು. ಎರಡು ಸೀದಾ, ಎರಡು ಉಲ್ಟಾ ಎಂಬ ಕ್ರಮದಲ್ಲಿ ಹೆಣೆದರೆ ಉದ್ದುದ್ದ ಏಣುಗಳು ಮೂಡುತ್ತವೆ. ಸೀದಾ ಕುಣಿಕೆಗಳು ಮುಂದಕ್ಕೆ ಬರುತ್ತವೆ, ಉಲ್ಟಾ ಕುಣಿಕೆಗಳು ಹಿಂದಕ್ಕೆ ಸರಿಯುತ್ತವೆ. ಹಾಗಾಗಿ ಬಟ್ಟೆ ಹಾರ್ಮೋನಿಯಮ್ಮಿನ ತಿದಿಯಂತೆ ಮಡಿಚಿಕೊಂಡು, ತಲೆ ದಾಟುವಾಗ ಹಿಗ್ಗಿ, ಕೊರಳಿಗೆ ಬಂದ ಮೇಲೆ ಕುಗ್ಗುತ್ತದೆ. ಬರೀ ಸೀದಾ ಹೆಣೆದರೆ ಅಂಚು ಹಪ್ಪಳದಂತೆ ಸುರುಳಿಯಾಗುತ್ತದೆ. ನನ್ನ ಲೆಕ್ಕ ಹೀಗಿದೆ: ಮಧ್ಯಮ ದಪ್ಪದ ನೂಲು, ನಾಲ್ಕು ಮಿಲಿಮೀಟರಿನ ಕಡ್ಡಿ, ಹತ್ತು ಸೆಂಟಿಮೀಟರಿಗೆ 20 ಕುಣಿಕೆ, 60 ಸೆಂಟಿಮೀಟರಿನ ಸುತ್ತಿಗೆ 120 ಕುಣಿಕೆ, ಅದು ನಾಲ್ಕರಿಂದ ಭಾಗವಾಗುವುದರಿಂದ ಏಣುಗಳು ಸರಿಯಾಗಿ ಕೂಡಿಕೊಳ್ಳುತ್ತವೆ. 67 ಸುತ್ತು ಬಂದರೆ ಸುಮಾರು ಒಂದು ಗೇಣು ಎತ್ತರ. ಅಂದರೆ ಒಟ್ಟು 8,040 ಕುಣಿಕೆ. ನೂರು ಗ್ರಾಮಿನ ಒಂದೇ ಉಂಡೆಯಲ್ಲಿ ಎಲ್ಲ ಮುಗಿದು, ಮಗುವಿನ ಕಾಲುಚೀಲಕ್ಕೆ ಆಗುವಷ್ಟು ನೂಲು ಮಿಗುತ್ತದೆ. ಸ್ವೆಟರಿಗೆ ಕೈ ಹಾಕಿ ಒಂದು ತೋಳಿನಲ್ಲೇ ಶಿವರಾತ್ರಿಗೆ ಬಂದು ನಿಂತವರಿಗೆ ಈ ಲೆಕ್ಕದ ಬೆಲೆ ತಿಳಿಯುತ್ತದೆ. ಚಳಿ ಶಿವಶಿವಾ ಎನ್ನುತ್ತ ಹೋದ ಮೇಲೆ ಎರಡನೆಯ ತೋಳು ಯಾರಿಗೆ ಬೇಕು?

ದುಂಡು ಕಡ್ಡಿಯಲ್ಲಿ ಒಂದು ಮೋಸ ಇದೆ. 120 ಕುಣಿಕೆ ತಂತಿಯ ಮೇಲೆ ಕೂತಾಗ ಅದರ ಅಂಚು ಅವರೆಬಳ್ಳಿ ಗೂಟಕ್ಕೆ ಹಬ್ಬಿದಂತೆ ತಂತಿಯನ್ನು ಒಮ್ಮೆ ಸುತ್ತಿರುತ್ತದೆ. ಅದನ್ನು ಬಿಡಿಸದೆ ತುದಿಗೆ ತುದಿ ಸೇರಿಸಿದರೆ ಆ ತಿರುಚು ಬಟ್ಟೆಯಲ್ಲಿ ಶಾಶ್ವತ. ತಿಳಿಯುವುದು ಎಂಟು ಹತ್ತು ಸುತ್ತು ಆದ ಮೇಲೆ. ನನಗೆ ತಿಳಿದದ್ದು ಹದಿನಾಲ್ಕನೆಯ ಸುತ್ತಿನಲ್ಲಿ, ರಾತ್ರಿ ಹನ್ನೊಂದಕ್ಕೆ. ಬಿಚ್ಚುವುದನ್ನು ಬಿಟ್ಟು ಬೇರೆ ದಾರಿ ಇಲ್ಲ. ಅದನ್ನು ಹಾಗೆಯೇ ಮರುದಿನ ತರಗತಿಗೆ ಒಯ್ದೆ. 1858ರಲ್ಲಿ ಜರ್ಮನಿಯ ಮೋಬಿಯಸ್, ಲಿಸ್ಟಿಂಗ್ ಎಂಬಿಬ್ಬರು ಗಣಿತಜ್ಞರು ಬೇರೆಬೇರೆಯಾಗಿ ಕಂಡುಕೊಂಡ ಪಟ್ಟಿಯನ್ನು ಮಕ್ಕಳಿಗೆ ಕಾಗದದಲ್ಲಿ ಮಾಡಿ ತೋರಿಸುವುದು ನನ್ನ ಹಳೆಯ ಚಟ. ಕಾಗದದ ಪಟ್ಟಿಯ ಒಂದು ತುದಿಯನ್ನು ಅರ್ಧ ಸುತ್ತು ಹೊರಳಿಸಿ ಅಂಟಿಸಿದರೆ ಅದಕ್ಕೆ ಒಂದೇ ಮೈ, ಒಂದೇ ಅಂಚು. ನಡುವೆ ಉದ್ದಕ್ಕೂ ಕತ್ತರಿಸಿದರೆ ಎರಡಾಗದೆ ಒಂದೇ ದೊಡ್ಡ ಬಳೆಯಾಗುತ್ತದೆ. ನನ್ನ ಕೆಟ್ಟ ಕೌಲ್ ಕೂಡ ಮೋಬಿಯಸ್ ಪಟ್ಟಿಯೇ ಎಂದು ಹೇಳಿಯೇಬಿಟ್ಟೆ. ಎರಡನೆಯ ಬೆಂಚಿನ ಹುಡುಗಿಯೊಬ್ಬಳು ಅದನ್ನು ಕೈಗೆ ತೆಗೆದುಕೊಂಡು, ಅಂಚಿನ ಮೇಲೆ ಬೆರಳಿಟ್ಟು ಒಂದು ಸುತ್ತು ಹಾಕಿ, "ಮೇಡಂ, ನನ್ ಬೆರಳು ಅದೇ ಕಡೆಗೇ ವಾಪಸ್ ಬಂತ್ರಿ, ಈ ಕಡೆ ಅಂಚು ಹಂಗೇ ಉಳೀತು" ಎಂದಳು. ಅವಳು ಹೇಳಿದ್ದೇ ಸರಿ. ತಂತಿಯ ಸುತ್ತ ಆಗುವ ತಿರುಚು ಪೂರ್ಣ ಸುತ್ತು, ಅರ್ಧದ್ದಲ್ಲ. ಪೂರ್ಣ ಸುತ್ತಿಗೆ ಮೈಯೂ ಎರಡು, ಅಂಚೂ ಎರಡು. ನಿಜವಾದ ಮೋಬಿಯಸ್ ಬೇಕಾದರೆ ಉದ್ದನೆಯ ಪಟ್ಟಿಯನ್ನೇ ಹೆಣೆದು, ಬೇಕೆಂದೇ ಅರ್ಧ ಹೊರಳಿಸಿ ಹೊಲಿಯಬೇಕು. ನಂತರ ಹಾಗೆ ಒಂದು ಮಾಡಿದೆ. ಆ ಹೊರಳು ಗದ್ದದ ಕೆಳಗೆ ಅಡ್ಡಮಡಿಕೆಯಾಗಿ ಕೂತು, ಸ್ವೆಟರಿನ ಮುಂದಿನ ತೆರವನ್ನು ತಾನಾಗಿಯೇ ಮುಚ್ಚುತ್ತದೆ. ಗಾಳಿ ನುಗ್ಗುವ ಜಾಗ ಅದೇ ಆದ್ದರಿಂದ ಸ್ಕೂಟರಿಗೆ ಅದಕ್ಕಿಂತ ಒಳ್ಳೆಯ ಕೌಲ್ ನನ್ನಲ್ಲಿ ಇಲ್ಲ.

ಇನ್ನು ನೂಲು. ಕುರಿ ಸಾಕುವ ನಾಡಿನಲ್ಲಿ ಹುಟ್ಟಿ ಪರದೇಶದ ಉಣ್ಣೆ ಏಕೆ ಎಂಬ ಹುಮ್ಮಸ್ಸಿನಲ್ಲಿ, ಕಂಬಳಿ ನೇಯುವವರ ಮನೆಯಿಂದ ಕೈಯಲ್ಲಿ ನೂತ ಕರಿ ಉಣ್ಣೆಯ ನೂಲನ್ನು ತಂದು ಒಂದು ಕೌಲ್ ಹೆಣೆದೆ. ನೋಡಲು ಅದರಷ್ಟು ಚೆಲುವಾದದ್ದನ್ನು ನಾನು ಇನ್ನೂ ಮಾಡಿಲ್ಲ. ಬಣ್ಣ ಹಾಕದ ಕಪ್ಪು, ನಡುನಡುವೆ ಕಂದು ಎಳೆ, ಮೂಗಿಗೆ ಹಿಡಿದರೆ ಹಟ್ಟಿಯ ವಾಸನೆ. ಹಾಕಿಕೊಂಡು ಹತ್ತು ನಿಮಿಷಕ್ಕೆ ಸ್ಕೂಟರನ್ನು ಬದಿಗೆ ನಿಲ್ಲಿಸಿ ಕಿತ್ತು ತೆಗೆಯಬೇಕಾಯಿತು. ಕೊರಳೆಲ್ಲ ತುರಿಕೆ, ಕೆಂಪು ಗಂದೆ. ಎಳೆಯ ದಪ್ಪ ಮೂವತ್ತು ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ದಾಟಿದರೆ ಅದರ ತುದಿ ಚರ್ಮಕ್ಕೆ ತಾಗಿದಾಗ ಬಾಗದೆ ಚುಚ್ಚುತ್ತದೆ. ನಮ್ಮ ದಖನಿ ಕುರಿಯ ಉಣ್ಣೆ ಒರಟು, ಮೆರಿನೊ ಕುರಿಯ ಎಳೆ 24 ಮೈಕ್ರಾನಿಗಿಂತ ಸಣ್ಣದು. ಕಂಬಳಿಯನ್ನು ಹುಣಸೆಬೀಜದ ಸರಿ ಬಳಿದು ಬಿರುಸು ಮಾಡುವುದು ಮಳೆ ಗಾಳಿ ತಡೆಯಲಿ ಎಂದೇ ಹೊರತು ಮೇಷ್ಟ್ರಮ್ಮನ ಕೊರಳಿಗೆ ಸುತ್ತಲಿ ಎಂದಲ್ಲ. ಆದರೂ ಬಿಸಾಡಲು ಮನಸ್ಸಾಗದೆ, ಒಳಗೆ ಹಳೆಯ ಹತ್ತಿ ಸೀರೆಯ ಅಸ್ತರಿ ಕೊಟ್ಟು ಹೊಲಿದೆ. ಈಗ ಹಾಕಿಕೊಳ್ಳಬಹುದು. ಹೊರಮೈಗೆ ಮಂಜಿನ ಹನಿ ಕೂತರೂ ಒಳಗೆ ತಣ್ಣಗಾಗುವುದಿಲ್ಲ, ಏಕೆಂದರೆ ಉಣ್ಣೆ ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವವನ್ನು ಹೀರಿಕೊಂಡರೂ ಒದ್ದೆ ಅನಿಸುವುದಿಲ್ಲ.

ಪೇಟೆಯಲ್ಲಿ ಉಲ್ಲನ್ ಎಂದು ಕೇಳಿದರೆ ಕೊಡುವುದು ಹೆಚ್ಚಾಗಿ ಅಕ್ರಿಲಿಕ್. ಅದರಲ್ಲಿ ಕುರಿಯ ಒಂದು ಎಳೆಯೂ ಇರುವುದಿಲ್ಲ. ಅಗ್ಗ, ಮೆತ್ತಗೆ, ಬಕೆಟ್ಟಿನಲ್ಲಿ ನೆನೆಹಾಕಿ ಒಗೆಯಬಹುದು, ಮಕ್ಕಳಿಗೆ ಕಲಿಸಲು ಅದೇ ಸರಿ. ಆದರೆ ಬೆವರನ್ನು ಹೀರುವುದಿಲ್ಲ, ಬೆಂಕಿ ತಾಗಿದರೆ ಕರಗಿ ಮೈಗೆ ಅಂಟುತ್ತದೆ; ಅದನ್ನು ಹಾಕಿಕೊಂಡು ಒಲೆಯ ಮುಂದೆ ರೊಟ್ಟಿ ಬಡಿಯಲು ಕೂರಬಾರದು. ಹತ್ತಿಯ ನೂಲು ನಮ್ಮ ಹವೆಗೆ ಹಿತ, ಆದರೆ ಅದಕ್ಕೆ ಉಣ್ಣೆಯ ಪುಟಿತ ಇಲ್ಲ. ಡಿಸೆಂಬರಿನಲ್ಲಿ ಕೊರಳಿಗೆ ಅಪ್ಪಿಕೊಂಡಿದ್ದ ಕೌಲ್ ಜನವರಿಯ ಹೊತ್ತಿಗೆ ಹೂಮಾಲೆಯಂತೆ ಜೋತುಬೀಳುತ್ತದೆ.

ಕೌಲಿನ ಗುಣಗಾನ ಮಾಡುವವರು ಯಾರೂ ತಲೆಗೆ ಹೂ ಮುಡಿದು ಹೊರಡುವವರಲ್ಲ ಎಂದು ನನ್ನ ಗುಮಾನಿ. ತಲೆಯ ಮೇಲಿಂದ ಇಳಿಸುವಾಗ ಹಡಗಲಿ ಮಲ್ಲಿಗೆಯ ಮಾಲೆ ನಜ್ಜುಗುಜ್ಜಾಗುತ್ತದೆ, ಹಣೆಯ ಕುಂಕುಮ ಮೂಗಿನವರೆಗೆ ಇಳಿಯುತ್ತದೆ, ಜುಮುಕಿಯ ಕೊಕ್ಕೆ ಕ್ರೋಶಾದ ಕಣ್ಣಿಗೆ ಸಿಕ್ಕಿಕೊಂಡು ಕಿವಿ ಜಗ್ಗುತ್ತದೆ. ಒಂದು ಸೋಮವಾರ ನಾನು ಸ್ಟಾಫ್ ರೂಮಿನಲ್ಲಿ ಕೌಲ್ ಅರ್ಧ ಮೇಲಕ್ಕೆ ಬಂದು ಜುಮುಕಿಗೆ ಸಿಕ್ಕಿ, ಮುಖ ಮುಚ್ಚಿಕೊಂಡೇ ನಿಂತಿದ್ದಾಗ ಹಿಂದಿ ಟೀಚರು ಬಂದು ಬಿಡಿಸಿದರು. ಅದಕ್ಕೆ ಪರಿಹಾರ ಗುಂಡಿಯ ಕೌಲ್. ಸುತ್ತು ಹೆಣೆಯುವ ಬದಲು ಪಟ್ಟಿ ಹೆಣೆದು, ಒಂದು ಬದಿಗೆ ಮೂರು ದೊಡ್ಡ ಗುಂಡಿ ಇಟ್ಟು, ಎಡಹೆಗಲಿನ ಮೇಲೆ ಹಾಕಿಕೊಳ್ಳುವುದು. ತುದಿಯಿಲ್ಲದ ಮಫ್ಲರು ಎಂಬ ತತ್ತ್ವಕ್ಕೆ ಅಲ್ಲಿ ಸ್ವಲ್ಪ ಊನವಾಗುತ್ತದೆ, ಹೂವು ಉಳಿಯುತ್ತದೆ. ಇನ್ನೊಂದು ಉಪಯೋಗವನ್ನು ನಾನು ಮೊದಲು ಎಣಿಸಿರಲಿಲ್ಲ: ಒಣಗಾಳಿಯ ಈ ತಿಂಗಳುಗಳಲ್ಲಿ ನಮ್ಮ ರಸ್ತೆಗಳಲ್ಲಿ ಏಳುವ ಧೂಳಿಗೆ ಕೌಲನ್ನು ಮೂಗಿನವರೆಗೆ ಎಳೆದುಕೊಂಡರೆ ಸಾಕು. ಮೇಲೆ ಎಳೆದದ್ದು ಮೇಲೆಯೇ ನಿಲ್ಲುತ್ತದೆ, ಏಣಿನ ಹೆಣಿಗೆ ಜಾರಗೊಡುವುದಿಲ್ಲ. ಹಿಂದಿನಿಂದ ಬರುವ ಲಾರಿಗಳನ್ನು ನೋಡಲು ಕತ್ತು ತಿರುಗಿಸಿದರೂ ಅದು ಕದಲುವುದಿಲ್ಲ.

ಹಾಂ, ವಿಜ್ಞಾನದ ಮೇಷ್ಟ್ರು ಕಳೆದ ವರ್ಷ ಎಳ್ಳಮಾವಾಸ್ಯೆಯ ಮರುದಿನ, ಯಾರೂ ಇಲ್ಲದ ಹೊತ್ತು ನೋಡಿ, "ಗಂಡಸ್ರಿಗೂ ಬರ್ತದೇನ್ರೀ ಅದು?" ಎಂದು ಕೇಳಿದರು. ಹಬ್ಬದ ನಸುಕಿಗೆ ಚರಗ ಚೆಲ್ಲಲು ಹೊಲಕ್ಕೆ ಹೋಗಿದ್ದರಂತೆ. ಬೂದುಬಣ್ಣದ್ದೊಂದನ್ನು ಮಾಡಿಕೊಟ್ಟೆ. ಹಾಕಿಕೊಂಡಾಗ ಅವರಿಗೂ ಡಾಕ್ಟರು ಬೆಲ್ಟ್ ಹಾಕಿದಂತೆಯೇ ಕಾಣುತ್ತದೆ.

ಸದ್ಯ ಕಡ್ಡಿಯ ಮೇಲಿರುವುದು ದೊಡ್ಡವ್ವನದು. ಪುಷ್ಯದಲ್ಲಿ ಗವಿಮಠದ ಜಾತ್ರೆ, ತೇರಿನ ಸಂಜೆಯ ಗಾಳಿಗೆ ಆಕೆಗೆ ಕೆಮ್ಮು ಏಳುತ್ತದೆ. ಕ್ರೋಶಾದಲ್ಲಿ ಹಾಕಲೋ ಕಡ್ಡಿಯಲ್ಲಿ ಹಾಕಲೋ ಎಂದು ಕೇಳಿದ್ದಕ್ಕೆ, ನಾನು ಎಂದೂ ಬಾಯಿಬಿಡದ ಗುಟ್ಟು ಮೊದಲೇ ಗೊತ್ತಿದ್ದವಳಂತೆ, "ನೀ ಹಾಕ್ಕೋತೀಯಲ್ಲ, ಅಂಥದ್ದ ಹಾಕು" ಎಂದಳು. ಗುಂಡಿ ಇಡಲೇ ಎಂದರೆ, "ಬ್ಯಾಡ, ಬೆರಳು ಬಗ್ಗಂಗಿಲ್ಲ ಈಗ" ಎಂದಳು. ಬಣ್ಣ ಇಳಕಲ್ ಸೀರೆಯ ಸೆರಗಿನ ಕೆಂಪು. ಸುತ್ತು 31 ಆಗಿದೆ, ಇನ್ನು 36 ಉಳಿದಿವೆ.